ಎಲೆ ಪುಡಿ ಹಚ್ಚಿದರೆ ತಲೆಯ ಎಣ್ಣೆ ನಿಜವಾಗ್ಲೂ ಹೋಗುತ್ತಾ?

ನಾನು ಶಾಂಪೂ ಹಾಕಲ್ಲ ಅಂತ ಗೊತ್ತಾದ ಕೂಡಲೇ ಹುಬ್ಬಳ್ಳಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ. ಹೋಗುತ್ತದೆ. ಆದರೆ ಯಾವ ಎಲೆ ಅನ್ನುವುದು ಮುಖ್ಯ.

ಬೇವು, ದಾಸವಾಳ, ಮದರಂಗಿ, ಕರಿಬೇವು ಎಲ್ಲ ಸೇರಿಸಿ ತಲೆ ತೊಳೆಯೋ ಪುಡಿ ಅಂತ ಮಾರುತ್ತಾರೆ. ದಾಸವಾಳದ ಎಲೆ ಲೋಳೆ ಬಿಡುತ್ತದೆ, ಕೂದಲು ನುಣುಪಾಗುತ್ತದೆ. ಮದರಂಗಿ ಬಣ್ಣ ಕೊಡುತ್ತದೆ. ಎಣ್ಣೆ ತೆಗೆಯೋದು ಇವುಗಳ ಕೆಲಸ ಅಲ್ಲ, ಅದಕ್ಕೆ ಸಪೋನಿನ್ ಬೇಕು, ಅಂದರೆ ಕೆಲವು ಗಿಡಗಳಲ್ಲಿರುವ ನೊರೆ ಬರಿಸುವ ಅಂಶ. ಅದು ನೀರಿಗೂ ಎಣ್ಣೆಗೂ ಎರಡಕ್ಕೂ ಅಂಟುತ್ತದೆ, ಹಾಗಾಗಿ ನೀರು ಸುರಿದಾಗ ಎಣ್ಣೆಯನ್ನೂ ಎಳಕೊಂಡು ಹೋಗುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿ ಇರುವುದೂ ಇದೇ, ಆದರೆ ಅವು ಕಾಯಿ. ಎಲೆಯೇ ಬೇಕು ಅಂದರೆ ಚಿಗರೆ (ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಲ್ಲ, ಮರ). ಬಾಗೆ ಮರದ ಬಳಗದ್ದು, ಒಣ ಕಾಡಿನಲ್ಲಿ ಬೆಳೆಯುತ್ತದೆ, ಎಲೆ ಹುಣಸೆ ಎಲೆಗಿಂತಲೂ ಸಣ್ಣ. ಗದಗದ ಕಪ್ಪತಗುಡ್ಡಕ್ಕೆ ಹೋಗಿ ತರಿದುಕೊಂಡು ಬರ್ತೀನಿ ಅನ್ನಬೇಡಿ, 2019ರಿಂದ ಅದು ವನ್ಯಜೀವಿ ಧಾಮ.

ಅಂಗಡಿಯಿಂದ ತಂದ ಪುಡಿಯನ್ನು ಒಂದು ಚಮಚ ನೀರಿನ ಬಾಟಲಿಗೆ ಹಾಕಿ ಜೋರಾಗಿ ಅಲ್ಲಾಡಿಸಿ, ಹತ್ತು ನಿಮಿಷ ಇಡಿ. ಸಣ್ಣ ಗುಳ್ಳೆಯ ನೊರೆ ಹಾಗೇ ನಿಂತಿದ್ದರೆ ಸರಿ. ಆಗಲೇ ಇಳಿದುಹೋಗಿದ್ದರೆ ಅದು ಸುಮ್ನೆ ಹಸಿರು ಪುಡಿ.

ಮನೆಯಲ್ಲೇ ಮಾಡುವವರು ಎಲೆಯನ್ನು ನೆರಳಲ್ಲಿ ಒಣಗಿಸಿ, ಹಿಚುಕಿದರೆ ಪರಪರ ಅನ್ನಬೇಕು. ಸ್ವಲ್ಪ ಪಸೆ ಉಳಿದರೂ ಧಾರವಾಡದ ಮಳೆಗಾಲದಲ್ಲಿ ಡಬ್ಬದೊಳಗೇ ಬೂಸ್ಟು ಹಿಡಿಯುತ್ತದೆ. ಆಮೇಲೆ ಕುಟ್ಟಿ ವಸ್ತ್ರಗಾಳ ಹಿಡಿಯಲೇಬೇಕು, ಅಂದರೆ ತೆಳು ಬಟ್ಟೆಯಲ್ಲಿ ಜರಡಿ. ಇಲ್ಲಿ ಮೈಗಳ್ಳತನ ಮಾಡಿದರೆ ಎಲೆಯ ಚೂರು ಕೂದಲಲ್ಲಿ ಸಿಕ್ಕಿಕೊಂಡು ದಿನವಿಡೀ ಭುಜದ ಮೇಲೆ ಉದುರುತ್ತಿರುತ್ತದೆ, ಆಫೀಸಿನಲ್ಲಿ ಪಕ್ಕದವರು ಹೊಟ್ಟು ಅಂದುಕೊಳ್ಳುತ್ತಾರೆ.

ತೆಳು ಗಂಜಿಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬುಡಕ್ಕೆ ಹಚ್ಚಿ, ಒಣಗೋಕೆ ಬಿಡದೆ ಎರಕೊಳ್ಳಿ. ಕಣ್ಣು ಮುಚ್ಚಿಕೊಳ್ಳಿ, ಬಿದ್ದರೆ ವಿಪರೀತ ಉರಿ. ಶಾಂಪೂವಿನಷ್ಟು ನೊರೆ ಬರಲ್ಲ, ಅದಕ್ಕೆ ಇನ್ನಷ್ಟು ಪುಡಿ ಸುರಿಯಬೇಡಿ. ಗದಗ, ಹಾವೇರಿ ಕಡೆ ಬೋರ್‌ವೆಲ್ ನೀರಿನವರಿಗೆ ಇದರ ಲಾಭ ಜಾಸ್ತಿ ಅಂತ ನನ್ನ ಲೆಕ್ಕ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಗುಟಾಗಿ ಕೂದಲಿಗೆ ಅಂಟಿಕೊಳ್ಳುತ್ತದಲ್ವಾ, ಸಪೋನಿನ್‌ಗೆ ಹಾಗಾಗಲ್ಲ.

ಮೈಗೆ? ಎಣ್ಣೆ ಹಚ್ಚಿದ ಮೈಗೆ ಚಿಗರೆ ಚೆನ್ನಾಗಿದೆ. ಮುಖಕ್ಕೆ ಮಾತ್ರ ಬೇಡ, ಚರ್ಮ ಬಿಗಿದುಕೊಳ್ಳುತ್ತದೆ. ಮುಖಕ್ಕೆ ಕಡಲೆಹಿಟ್ಟು, ಬೇಕಿದ್ದರೆ ಚಿಟಿಕೆ ಬೇವಿನ ಪುಡಿ, ಅಷ್ಟೇ ಸಾಕು. ಏನೇ ಹಚ್ಚಿದರೂ ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ನೋಡಿ. ಎಲೆಗೂ ಅಲರ್ಜಿ ಆಗುತ್ತದೆ. ತಲೆಯಲ್ಲಿ ಗಾಯ, ಕೀವು ಇದ್ದವರು ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ.

ಇನ್ನೊಂದು, ಬಾಡಿಗೆ ಮನೆಯವರು ಬಚ್ಚಲ ಜಾಲರಿ ಮೇಲೆ ಹಳೇ ಬಟ್ಟೆ ಹಾಸಿಕೊಳ್ಳಿ. ಪುಡಿಯೆಲ್ಲ ಪೈಪಿನಲ್ಲಿ ಕೂತು ನೀರು ಕಟ್ಟಿಕೊಂಡರೆ, ಮನೆ ಮಾಲೀಕರಿಗೆ ಸಪೋನಿನ್ ಬಗ್ಗೆ ವಿವರಿಸೋದು ಕಷ್ಟ.