ಹಳದಿ ಕಾಪಿಯಿಂದ ಶುರು: ನಮ್ಮ ಬಾಸ್ಕೆಟ್‌ಬಾಲ್ ತಂಡದ ಈ ಸೀಸನ್

ಜುಲೈ 4

ಮಂಗಳೂರಿನ ನಮ್ಮ ಕಾಲೇಜಿನ ಕೋರ್ಟ್ ಪೂರ್ತಿ ಹಸಿರಾಗಿದೆ. ಜೂನ್ ಮಳೆ ಒಂದಕ್ಕೇ ಸಿಮೆಂಟಿನ ಮೇಲೆ ಪಾಚಿ ದಪ್ಪಗೆ ಕಟ್ಟಿಬಿಟ್ಟಿದೆ. ಇವತ್ತು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ತಂಡದ ಹುಡುಗಿಯರು ಒಂಬತ್ತು ಜನ, ನಾನು ಹತ್ತನೆಯವಳು. ಬ್ಲೀಚಿಂಗ್ ಪೌಡರ್ ಚೆಲ್ಲಿ, ಹಿಡಿಸೂಡಿ ಹಿಡಿದು ಉಜ್ಜಿದೆವು. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಓಡುವಾಗ ಅದು ಗೊತ್ತಾಗುವುದಿಲ್ಲ, ಉಜ್ಜುವಾಗ ಗೊತ್ತಾಗುತ್ತದೆ. ಅರ್ಧ ಮುಗಿಯುವಷ್ಟರಲ್ಲಿ ಕಡಲಿನ ಕಡೆಯಿಂದ ಮತ್ತೆ ಕಪ್ಪಾಗಿ ಬಂತು. ಪರವಾಗಿಲ್ಲ, ಒಂದು ರಿಂಗ್ ಆದರೂ ಕೈಗೆ ಸಿಕ್ಕಿತು.

ನಾನು ಈ ವರ್ಷ ಆಡುವುದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿದು ಹತ್ತು ತಿಂಗಳಾಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಹಾರುವ ಹಾಗಿಲ್ಲ. ಬಿ.ಕಾಂ. ಕೊನೆಯ ವರ್ಷ ನನ್ನದು. ಬೆಂಚಿನಲ್ಲಿ ಕೂತು ಸ್ಕೋರ್ ಬರೆಯುತ್ತೇನೆ ಅಂತ ಕೋಚ್ ಸರ್ ಹತ್ತಿರ ನಾನೇ ಕೇಳಿಕೊಂಡೆ. ಈ ಪುಸ್ತಕ ಅದಕ್ಕೇ.

ಮೊದಲ ಪುಟದಲ್ಲಿ ಹೋದ ವರ್ಷದ ಸೆಮಿಫೈನಲ್ ಶೀಟ್ ಅಂಟಿಸಿದ್ದೇನೆ. ಹಳದಿ ಬಣ್ಣದ್ದು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ಸ್ಕೋರ್ ಶೀಟಿನಲ್ಲಿ ಗೆದ್ದವರಿಗೆ ಗುಲಾಬಿ ಕಾಪಿ, ಸೋತವರಿಗೆ ಹಳದಿ ಕಾಪಿ. ನಾವು ಸೋತದ್ದು 4 ಪಾಯಿಂಟಿನಿಂದ. ಎತ್ತರ ಸಾಲಲಿಲ್ಲ, ಸ್ಟ್ಯಾಮಿನಾ ಸಾಲಲಿಲ್ಲ ಅಂತ ಆವತ್ತು ಎಲ್ಲರೂ ಹೇಳಿದರು. ಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಶೀಟನ್ನು ಸುಮ್ನೆ ನೋಡುತ್ತಿದ್ದೆ. ಎರಡು ಪಾಯಿಂಟಿನ ಬುಟ್ಟಿಗೆ ಓರೆಗೆರೆ, ಮೂರಕ್ಕೆ ಆಟಗಾರ್ತಿಯ ನಂಬರಿಗೆ ಸುತ್ತು, ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ, ಯಾರೂ ತಡೆಯದೆ, ಗೆರೆಯ ಹಿಂದೆ ನಿಂತು ಹೊಡೆಯುವ ಒಂದು ಪಾಯಿಂಟಿನ ಶಾಟ್) ಬಿದ್ದರೆ ತುಂಬಿದ ಚುಕ್ಕೆ. ನಮ್ಮ ಕಡೆ ಚುಕ್ಕೆ ಏಳು. ತಪ್ಪಿದ ಫ್ರೀ ಥ್ರೋಗೆ ಮಾತ್ರ ಈ ಸ್ಕೋರಿನ ಸಾಲಿನಲ್ಲಿ ಗುರುತೇ ಇಲ್ಲ. ಅದು ಬೇಕಾದರೆ ಎದುರಾಳಿಗಳ ಫೌಲ್ ಕಾಲಂ ನೋಡಬೇಕು. ಪಿ ಅಕ್ಷರದ ಪಕ್ಕ ಸಣ್ಣದಾಗಿ 1 ಅಥವಾ 2 ಅಂತ ಇರುತ್ತದೆ, ಎಷ್ಟು ಫ್ರೀ ಥ್ರೋ ಕೊಟ್ಟರು ಅಂತ. ಅವನ್ನೆಲ್ಲ ಕೂಡಿಸಿದೆ. 18 ಬಂತು. ಹದಿನೆಂಟರಲ್ಲಿ ಏಳು. ಹನ್ನೊಂದು ಪಾಯಿಂಟ್ ಹೋಗಿತ್ತು, ನಾವು ಸೋತದ್ದು ನಾಲ್ಕರಿಂದ.

ಸರ್‌ಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಈ ವರ್ಷ ಇದನ್ನೇ ಹಿಡಿಯುವ" ಅಂದರು. ದಿನಾ ಅಭ್ಯಾಸದ ಕೊನೆಗೆ, ಕಾಲು ಸೋತಿರುವಾಗ, ತಲಾ 25 ಫ್ರೀ ಥ್ರೋ. ಲೆಕ್ಕ ನನ್ನದು.

ಜುಲೈ 11

ಮೂರು ದಿನದಿಂದ ರಜೆ. ರೆಡ್ ಅಲರ್ಟ್. ಜೋರು ಮಳೆಯ ಆಟಿ ತಿಂಗಳು ಬರುವ ಮೊದಲೇ ಹೀಗೆ. ಹತ್ತಿರದಲ್ಲಿ ಇರುವವರು ಐದು ಜನ ಕೊಡೆ ಹಿಡಿದುಕೊಂಡು ಬಂದರು. ಆಡಿಟೋರಿಯಂ ಹಿಂದಿನ ಓಣಿಯಲ್ಲಿ ಡ್ರಿಬ್ಲಿಂಗ್ ಮಾಡಿದೆವು.

ಬಾಸ್ಕೆಟ್‌ಬಾಲ್ ಹುಟ್ಟಿದ್ದೂ ಹೊರಗೆ ಆಡಲು ಆಗದ ಕಾಲಕ್ಕೆ ಅಂತ ಸರ್ ಹೇಳಿದರು. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಜೇಮ್ಸ್ ನೈಸ್ಮಿತ್ ಎನ್ನುವ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಜಿಮ್ಮಿನ ಬಾಲ್ಕನಿಗೆ ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿ ಹತ್ತಡಿ ಎತ್ತರ ಇತ್ತು. ಇವತ್ತಿಗೂ ರಿಂಗ್ ಅಷ್ಟೇ ಎತ್ತರದಲ್ಲಿ, 3.05 ಮೀಟರ್. ಅವರು ಬರೆದ 13 ನಿಯಮಗಳಲ್ಲಿ ಫ್ರೀ ಥ್ರೋ ಇರಲೇ ಇಲ್ಲ. ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರು ತಂಡಕ್ಕೆ ಒಂದು ಗೋಲು, ಅಷ್ಟೇ. ನಮಗೆ ತೊಂದರೆ ಕೊಡುವ ಈ ಗೆರೆ ಆಮೇಲೆ ಬಂದದ್ದು.

ನಮ್ಮ 12ನೇ ನಂಬರ್ ಜರ್ಸಿಯವಳು ಫಿಸಿಕ್ಸ್ ಓದುತ್ತಾಳೆ. ಅವಳು ಓಣಿಯ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಲೆಕ್ಕ ಬರೆದಳು. ಇಲ್ಲೂ ಬರೆದಿಡುತ್ತೇನೆ, ಏಕೆಂದರೆ ನಮ್ಮ ಕಣ್ಣು ತೆರೆದದ್ದು ಇದರಿಂದ. ರಿಂಗಿನ ಒಳ ಅಗಲ 45 ಸೆಂ.ಮೀ. ಹುಡುಗಿಯರು ಆಡುವ 6ನೇ ಸೈಜ್ ಚೆಂಡಿನ ಅಗಲ ಸುಮಾರು 23 ಸೆಂ.ಮೀ. ಅಂದರೆ ರಿಂಗಿನಲ್ಲಿ ಹತ್ತಿರ ಹತ್ತಿರ ಎರಡು ಚೆಂಡಿನ ಜಾಗ ಉಂಟು. ಆದರೆ ಅದು ಮೇಲಿನಿಂದ ನೇರವಾಗಿ ಬಿದ್ದರೆ ಮಾತ್ರ. ಚೆಂಡು 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಅದಕ್ಕೆ ಸಿಗುವ ದಾರಿ 22.5 ಸೆಂ.ಮೀ. ಚೆಂಡಿಗಿಂತಲೂ ಸಣ್ಣದು! 45 ಡಿಗ್ರಿಯಲ್ಲಿ ಇಳಿದರೆ 32 ಸೆಂ.ಮೀ. ಹತ್ತಿರ. ನಮ್ಮ 14ನೇ ನಂಬರ್ ಎತ್ತರದ ಹುಡುಗಿ, ರಿಂಗಿಗೆ ನೇರ ಹೊಡೆಯುವ ಅಭ್ಯಾಸ ಅವಳದ್ದು. ಗೋಡೆ ನೋಡಿ ಸುಮ್ಮನೆ ನಿಂತಳು. "ಹಾಗಾದರೆ ನಾನು ಇಷ್ಟು ದಿನ ಮುಚ್ಚಿದ ಬಾಗಿಲಿಗೆ ಹೊಡೀತಾ ಇದ್ದೆನಾ?" ಅಂದಳು.

ಜುಲೈ 24

ಮೊದಲ ಪೂರ್ತಿ ಲೆಕ್ಕ. ಒಂಬತ್ತು ಜನ, ತಲಾ 25. 225ರಲ್ಲಿ 97. 14ನೇ ನಂಬರ್ 25ಕ್ಕೆ 6.

7ನೇ ನಂಬರ್ ಬಗ್ಗೆ ಸ್ವಲ್ಪ ಬರೆಯಬೇಕು. ಅವಳು ನಮ್ಮ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು. ಹೋದ ವರ್ಷ ಕೊನೆಯ ನಿಮಿಷದಲ್ಲಿ ಎರಡಕ್ಕೆ ಎರಡೂ ತಪ್ಪಿದ್ದು ಅವಳಿಗೆ. ಅದರ ನಂತರ ಆ ಗೆರೆಯ ಮೇಲೆ ನಿಂತರೆ ಅವಳ ಕೈ ಬೇರೆಯವರ ಕೈಯಂತೆ ಆಗುತ್ತದೆ. ಇವತ್ತು ಅವಳು ಒಂದು ಕ್ರಮ ಮಾಡಿಕೊಂಡಿದ್ದಾಳೆ. ಬಲ ಅಂಗೈಯನ್ನು ಚಡ್ಡಿಗೆ ಒರೆಸುವುದು. ಚೆಂಡನ್ನು ಮೂರು ಸಲ ನೆಲಕ್ಕೆ ಕುಟ್ಟುವುದು. ಗಾಳಿ ತುಂಬುವ ತೂತನ್ನು ತೋರುಬೆರಳಿನಿಂದ ಹುಡುಕಿ, ಅದರ ಪಕ್ಕಕ್ಕೆ ಬೆರಳು ಇಡುವುದು. ಉಸಿರು ಬಿಡುವುದು. ಹೊಡೆಯುವುದು. ರೆಫ್ರಿ ಚೆಂಡು ಕೊಟ್ಟ ಮೇಲೆ ಐದು ಸೆಕೆಂಡ್ ಸಮಯ. ನಾನು ವಾಚ್ ಹಿಡಿದು ನೋಡಿದೆ, ಅವಳಿಗೆ ನಾಲ್ಕು ಬೇಕು. ಸಾಕಾಗುತ್ತದೆ. 25ಕ್ಕೆ 13.

ಆಗಸ್ಟ್ 17

ನಗರದ ಇನ್ನೊಂದು ಕಾಲೇಜಿನ ಜೊತೆ ಅಭ್ಯಾಸ ಪಂದ್ಯ, ಅವರ ಒಳಾಂಗಣ ಕೋರ್ಟಿನಲ್ಲಿ. 31-53ರಲ್ಲಿ ಸೋತೆವು. ಮರದ ನೆಲದಲ್ಲಿ ಚೆಂಡು ಪುಟಿಯುವ ರೀತಿಯೇ ಬೇರೆ. ನಮ್ಮವರ ಕೈಗೆ ಚೆಂಡು ಬೇಗ ಬರುತ್ತಿತ್ತು. ಅವರು ಪೂರ್ತಿ ಕೋರ್ಟ್ ಪ್ರೆಸ್ ಹಾಕಿದರು, ಅಂದರೆ ನಮ್ಮ ತುದಿಯಿಂದಲೇ ಒತ್ತಿ ತಡೆದರು. ಎಂಟು ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಲು ಆಗದೆ ನಾಲ್ಕು ಸಲ ಚೆಂಡು ಕೊಟ್ಟೆವು.

ನನಗೆ ಜಾಸ್ತಿ ಬೇಸರ ಆದದ್ದು ಬೇರೆ ವಿಷಯಕ್ಕೆ. ಇಡೀ ಪಂದ್ಯದಲ್ಲಿ ನಮಗೆ ಸಿಕ್ಕ ಫ್ರೀ ಥ್ರೋ ಆರು. ಬರೀ ಆರು! ದಿನಾ 225 ಹೊಡೆದು ಎಂತ ಪ್ರಯೋಜನ, ಗೆರೆಗೆ ಹೋಗುವ ಅವಕಾಶವೇ ಬರದಿದ್ದರೆ? ನಮ್ಮವರು ಹೊರಗೆ ಹೊರಗೆ ಪಾಸ್ ಮಾಡುತ್ತಾ, ಶಾಟ್ ಹೊಡೆಯಲು ಇರುವ 24 ಸೆಕೆಂಡ್ ಮುಗಿಯುವಾಗ ದೂರದಿಂದ ಎಸೆಯುತ್ತಿದ್ದರು. ರಿಂಗಿನ ಹತ್ತಿರ ಒಳಗೆ ನುಗ್ಗಿದರೆ ತಾನೇ ಫೌಲ್ ಆಗುವುದು. ಒಂದು ಕ್ವಾರ್ಟರಿನಲ್ಲಿ ಎದುರಾಳಿಗಳ ಫೌಲ್ ನಾಲ್ಕು ಆಯಿತೆಂದರೆ ಐದನೆಯದರಿಂದ ಎಲ್ಲಿ ಮುಟ್ಟಿದರೂ ಎರಡು ಶಾಟ್. ನಾವು ಆ ಐದನ್ನು ಒಮ್ಮೆಯೂ ಮುಟ್ಟಲಿಲ್ಲ.

ಬಸ್ಸಿನಲ್ಲಿ ಬರುವಾಗ 7ನೇ ನಂಬರ್ ಪಕ್ಕದಲ್ಲಿ ಕೂತಿದ್ದೆ. ಕೇಳಿದೆ, ನೀನು ಒಳಗೆ ಯಾಕೆ ಹೋಗುವುದಿಲ್ಲ ಅಂತ. ಕಂಕನಾಡಿ ಬರುವ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದಳು, "ಒಳಗೆ ಹೋದರೆ ಫೌಲ್ ಆಗ್ತದೆ. ಫೌಲ್ ಆದರೆ ಗೆರೆಯಲ್ಲಿ ನಿಲ್ಲಬೇಕಲ್ಲ."

ನಾನು ಎಣಿಸುತ್ತಿದ್ದದ್ದು ಹೊಡೆದ ಮೇಲಿನ ಲೆಕ್ಕ ಮಾತ್ರ. ಇಂಥ ಹೆದರಿಕೆ ಯಾವ ಶೀಟಿನಲ್ಲೂ ಬರುವುದಿಲ್ಲ. ನಾಳೆಯಿಂದ ಪುಸ್ತಕದಲ್ಲಿ ಇನ್ನೊಂದು ಕಾಲಂ: ಎಷ್ಟು ಸಲ ಒಳಗೆ ನುಗ್ಗಿದಳು.

ಸೆಪ್ಟೆಂಬರ್

ಈ ತಿಂಗಳು ಬರೆದದ್ದು ಕಡಿಮೆ. ಚೌತಿ, ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್, ಇಂಟರ್ನಲ್ ಪರೀಕ್ಷೆ. 11ನೇ ನಂಬರ್ ಒದ್ದೆ ಜಾಗದಲ್ಲಿ ಕಾಲಿಟ್ಟು ಪಾದದ ಗಂಟು ಉಳುಕಿಸಿಕೊಂಡಳು. ಮೂರು ವಾರ ವಿಶ್ರಾಂತಿ. ಒಳ್ಳೆಯ ಚೆಂಡು ಒದ್ದೆ ಸಿಮೆಂಟಿಗೆ ಬಿದ್ದು ನೀರು ಕುಡಿದು ಭಾರ ಆಗುತ್ತಿತ್ತು. ಅದನ್ನು ಪಂದ್ಯಕ್ಕೆ ಎತ್ತಿಟ್ಟು ರಬ್ಬರ್ ಚೆಂಡಿನಲ್ಲಿ ಅಭ್ಯಾಸ ಮಾಡುತ್ತಿದ್ದೇವೆ. 225ಕ್ಕೆ 128 ಆದ ದಿನ 12ನೇ ನಂಬರ್ ಮನೆಯಿಂದ ಪತ್ರೊಡೆ ತಂದಿದ್ದಳು.

14ನೇ ನಂಬರ್ ಈಗ ಚೆಂಡನ್ನು ಮೇಲಕ್ಕೆ ಎತ್ತಿ ಬಿಡುತ್ತಾಳೆ. ಕಾಸರಗೋಡಿನವಳು. ಕೇರಳದ ಗೀತು ಅನ್ನಾ ಜೋಸ್ ಅಂದರೆ ಅವಳಿಗೆ ಪ್ರಾಣ. 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಆದ ಡಬ್ಲ್ಯೂಎನ್‌ಬಿಎ ತಂಡಗಳ ಟ್ರಯಲ್ಸ್‌ಗೆ ಹೋಗಿ ಬಂದ ಆಟಗಾರ್ತಿ ಗೀತು. ಅವರ ಫೋಟೋ ಇವಳ ಫೋನಿನ ಮೇಲೆ ಯಾವಾಗಲೂ ಇರುತ್ತದೆ. 25ಕ್ಕೆ 12. ಜುಲೈಯಲ್ಲಿ ಆರು ಇದ್ದದ್ದು.

ಅಕ್ಟೋಬರ್ 9

ಮಳೆ ಹೋಯಿತು. ಕೋರ್ಟ್ ಒಣಗಿದೆ. ಸಂಜೆ ಆರರ ತನಕ ಆಡಬಹುದು. ಊರಿನ ತುಂಬಾ ದಸರಾ ಹುಲಿವೇಷದ ಕುಣಿತಕ್ಕೆ ಬಾರಿಸುವ ತಾಸೆ ವಾದ್ಯದ ಶಬ್ದ. ನಮ್ಮ ಕಾಂಪೌಂಡಿನ ಆಚೆ ಬದಿಯ ಮನೆಯಲ್ಲಿ ಒಂದು ತಂಡ ಸಂಜೆ ಅಭ್ಯಾಸ ಮಾಡುತ್ತದೆ. ತಾಸೆ ಶುರುವಾದರೆ ಸರ್ ಮಾತು ನಮಗೆ ಕೇಳುವುದಿಲ್ಲ. ಅಭ್ಯಾಸ ನಿಲ್ಲಿಸುವುದಾ ಅಂತ ಕೇಳಿದೆವು. ಬೇಡ, ಫ್ರೀ ಥ್ರೋ ಈಗಲೇ ಹೊಡೆಯಿರಿ ಅಂದರು. ಕೂಟದಲ್ಲಿ ಜನ ಇದಕ್ಕಿಂತ ಜಾಸ್ತಿ ಗಲಾಟೆ ಮಾಡುತ್ತಾರೆ ಅಲ್ವಾ.

ಮೊದಲ ದಿನ 225ಕ್ಕೆ 104ಕ್ಕೆ ಇಳಿಯಿತು. ತಾಸೆಯ ಹೊಡೆತಕ್ಕೆ ಕೈ ತಾನಾಗಿ ಅವಸರ ಮಾಡುತ್ತದೆ. ನಾಲ್ಕನೇ ದಿನ 131. 7ನೇ ನಂಬರ್ ಕಂಡುಕೊಂಡದ್ದು ಏನೆಂದರೆ, ತಾಸೆಯನ್ನು ಕೇಳದೆ ಇರಲು ಪ್ರಯತ್ನ ಮಾಡಬಾರದು. ಮೂರು ಸಲ ಚೆಂಡು ಕುಟ್ಟುವುದನ್ನು ಅದೇ ತಾಳಕ್ಕೆ ಕುಟ್ಟಿ, ಆಮೇಲೆ ನಿಲ್ಲಿಸಬೇಕು. ಆ ನಿಲ್ಲಿಸುವ ಜಾಗದಲ್ಲಿ ಅವಳ ಮುಖ ನೋಡಬೇಕು. ಎಷ್ಟು ಶಾಂತ! ಆವತ್ತು ಅವಳು 25ಕ್ಕೆ 20. ಒಳಗೆ ನುಗ್ಗಿದ ಕಾಲಂನಲ್ಲಿ 11.

ನವೆಂಬರ್ 14, ಉಡುಪಿ

ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾವಳಿ ಈ ಸಲ ಉಡುಪಿಯಲ್ಲಿ. ಬೆಳಿಗ್ಗೆ ಐದೂಮುಕ್ಕಾಲಿನ ಎಕ್ಸ್‌ಪ್ರೆಸ್ ಬಸ್. ಕೂಳೂರು ಸೇತುವೆ ದಾಟುವಾಗ ಇನ್ನೂ ಕತ್ತಲೆ, ಪಡುಬಿದ್ರಿಯಲ್ಲಿ ಬೆಳಕಾಯಿತು. ಯಾರೂ ನಿದ್ದೆ ಮಾಡಲಿಲ್ಲ. ಮೊದಲ ಪಂದ್ಯ ಸುಲಭ. ಕ್ವಾರ್ಟರ್ ಫೈನಲ್ 44-37. ಅದರ ಬಗ್ಗೆ ಹೆಚ್ಚು ಬರೆಯಲು ಇಲ್ಲ, ಚೆನ್ನಾಗಿ ಆಡಿದೆವು.

ನವೆಂಬರ್ 15

ಸೆಮಿಫೈನಲ್. ಹೋದ ವರ್ಷದ್ದೇ ತಂಡ. ಅಧಿಕೃತ ಶೀಟ್ ಬರೆಯುವವರು ಟೇಬಲಿನಲ್ಲಿ, ನನ್ನದು ಬೆಂಚಿನಲ್ಲಿ. ಮೊದಲ ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು ಪೆನ್, ಎರಡು ಮತ್ತು ನಾಲ್ಕಕ್ಕೆ ನೀಲಿ.

7ನೇ ನಂಬರ್ ಮೊದಲ ನಿಮಿಷದಲ್ಲೇ ಒಳಗೆ ನುಗ್ಗಿದಳು. ಫೌಲ್. ಎರಡೂ ಬಿತ್ತು. ನನ್ನ ಕೈ ಚುಕ್ಕೆ ಇಡುವಾಗ ಶೀಟ್ ಹರಿಯುವಷ್ಟು ಒತ್ತಿತು. ಅವಳು ಮತ್ತೆ ಮತ್ತೆ ನುಗ್ಗಿದಳು. ಮೂರನೇ ಕ್ವಾರ್ಟರ್ ಅರ್ಧ ಆಗುವಾಗ ಅವರ ಟೀಮ್ ಫೌಲ್ ನಾಲ್ಕು ಆಗಿತ್ತು. ಆಗಸ್ಟಿನಲ್ಲಿ ನಾವು ಕನಸಲ್ಲೂ ಕಾಣದ ಸ್ಥಿತಿ.

ನಾಲ್ಕನೇ ಕ್ವಾರ್ಟರ್, 14 ಸೆಕೆಂಡ್ ಬಾಕಿ. ಅವರು 46, ನಾವು 45. ಚೆಂಡು 14ನೇ ನಂಬರ್ ಕೈಗೆ ಬಂತು, ಫೌಲ್ ಆಯಿತು. ಎರಡು ಶಾಟ್. 7 ಆಗಿದ್ದರೆ ಅಂತ ಒಂದು ಕ್ಷಣ ಅನಿಸಿತು, ನಿಜ ಹೇಳುತ್ತೇನೆ. ಅವರ ಕಾಲೇಜಿನವರು ಡ್ರಮ್ ಬಾರಿಸುತ್ತಿದ್ದರು. 14 ನಮ್ಮ ಬೆಂಚಿನ ಕಡೆ ತಿರುಗಿ ನೋಡಿದಳು. 12ನೇ ನಂಬರ್ ಏನೂ ಕೂಗಲಿಲ್ಲ. ಕೈಯನ್ನು ಗಾಳಿಯಲ್ಲಿ ಎತ್ತರಕ್ಕೆ ಬಾಗಿಸಿ ತೋರಿಸಿದಳು, ಓಣಿಯ ಗೋಡೆಯ ಮೇಲಿದ್ದ ಗೆರೆಯಂತೆ.

ಮೊದಲನೆಯದು ರಿಂಗಿನ ಹಿಂಬದಿಗೆ ತಾಗಿ, ಮುಂಬದಿಗೆ ತಾಗಿ, ಒಳಗೆ ಬಿತ್ತು. 46-46. ಎರಡನೆಯದು ಎತ್ತರಕ್ಕೆ ಹೋಯಿತು, ಚೆಂದವಾಗಿ ಹೋಯಿತು, ತಪ್ಪಿತು. ಆದರೆ ಮೇಲಿಂದ ಇಳಿದ ಚೆಂಡು ಅಲ್ಲೇ ಮೆತ್ತಗೆ ಪುಟಿಯಿತು. ಚಪ್ಪಟೆಯಾಗಿ ಹೊಡೆದಿದ್ದರೆ ದೂರ ಸಿಡಿಯುತ್ತಿತ್ತು. 9ನೇ ನಂಬರ್ ಇಬ್ಬರ ನಡುವಿನಿಂದ ಹಾರಿ ಹಿಡಿದು ಅಲ್ಲಿಂದಲೇ ಹಾಕಿದಳು. 48-46. ಉಳಿದ ಸೆಕೆಂಡುಗಳಲ್ಲಿ ಅವರ ದೂರದ ಶಾಟ್ ಬೋರ್ಡಿಗೆ ತಾಗಿ ಹೋಯಿತು.

22ಕ್ಕೆ 15. ಗುಲಾಬಿ ಕಾಪಿಯನ್ನು ಸರ್ ನನ್ನ ಕೈಗೆ ಕೊಟ್ಟರು. ಅದರಲ್ಲಿ 14ರ ಹೆಸರಿಗೆ ಒಂದು ಚುಕ್ಕೆ, 9ರ ಹೆಸರಿಗೆ ಒಂದು ಓರೆಗೆರೆ. ನಡುವೆ ತಪ್ಪಿದ ಆ ಶಾಟಿಗೆ ಗುರುತಿಲ್ಲ. ನಾನು ಪೆನ್ಸಿಲಿನಲ್ಲಿ ಬದಿಗೆ ಒಂದು ಸಣ್ಣ ಸೊನ್ನೆ ಬರೆದೆ.

ಮಧ್ಯಾಹ್ನ ಫೈನಲ್. 39-54ರಲ್ಲಿ ಸೋತೆವು. ಫ್ರೀ ಥ್ರೋ 14ಕ್ಕೆ 11, ಈ ವರ್ಷದ ನಮ್ಮ ಅತ್ಯುತ್ತಮ ಲೆಕ್ಕ. ಆದರೂ ಸೋತೆವು. ಅವರು ರಿಬೌಂಡ್ (ತಪ್ಪಿ ಪುಟಿದ ಚೆಂಡು) ಬಿಡಲಿಲ್ಲ, ನಮ್ಮ ಹತ್ತಿರದ ಶಾಟುಗಳೂ ಬೀಳಲಿಲ್ಲ. ಒಳ್ಳೆಯ ತಂಡ ಅದು. ಕೈ ಕುಲುಕುವಾಗ ಅವರ ಕ್ಯಾಪ್ಟನ್ 7ನೇ ನಂಬರಿಗೆ, "ನಿಮ್ಮನ್ನು ಹಿಡಿಯುವುದು ತುಂಬಾ ಕಷ್ಟ ಆಯ್ತು" ಅಂದಳು. ಉಡುಪಿ ಬಸ್‌ಸ್ಟ್ಯಾಂಡ್ ಹತ್ತಿರ ಎಲ್ಲರೂ ಬನ್ಸ್, ಚಾ ತಗೊಂಡೆವು. 14 ಅತ್ತಳು, ಮತ್ತೆ ನಕ್ಕಳು. ಕತ್ತಲಾದ ಮೇಲೆ ಮಂಗಳೂರು.

ನವೆಂಬರ್ 22

7 ಮತ್ತು 9ನೇ ನಂಬರ್ ವಿಶ್ವವಿದ್ಯಾನಿಲಯದ ತಂಡದ ಕ್ಯಾಂಪಿಗೆ ಆಯ್ಕೆ ಆಗಿದ್ದಾರೆ. ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹನ್ನೆರಡು ಜನ ಹೋಗುತ್ತಾರೆ. ಡಾಕ್ಟರ್ ನನಗೆ ನಿಧಾನಕ್ಕೆ ಓಡಲು ಒಪ್ಪಿಗೆ ಕೊಟ್ಟಿದ್ದಾರೆ. ಹಾರಲು ಇನ್ನೂ ಇಲ್ಲ. ಹಾರದೆ ಹೊಡೆಯುವ ಶಾಟ್ ಒಂದು ಉಂಟಲ್ಲ. ಇವತ್ತು ಬೆಳಿಗ್ಗೆ ನಾನೂ 25 ಹೊಡೆದೆ. 16. ಕಾಲಂನಲ್ಲಿ ನನ್ನ ನಂಬರ್ 10ನ್ನೂ ಸೇರಿಸಿದ್ದೇನೆ.

ಹೊಡೆಯುವಾಗ ಕೆಳಗೆ ನೋಡಿದೆ. ಕೋರ್ಟಿನ ಬೇರೆ ಗೆರೆಗಳೆಲ್ಲ ಕಾಣುತ್ತವೆ. ಬೋರ್ಡಿನಿಂದ 4.6 ಮೀಟರ್ ದೂರದ ಆ ಒಂದು ಗೆರೆ ಮಾತ್ರ ನಡುವಿನಲ್ಲಿ ಪೂರ್ತಿ ಸವೆದು ಹೋಗಿದೆ. ಸಂಜೆ 12ನೇ ನಂಬರ್ ಬಿಳಿ ಪೇಂಟ್ ತಂದಳು. ನೂಲು ಹಿಡಿದು ಅಳತೆ ಮಾಡಿ, ಐದು ಸೆಂ.ಮೀ. ದಪ್ಪಕ್ಕೆ ಹೊಸದಾಗಿ ಎಳೆದೆವು. ನಾಯಿ ದಾಟದ ಹಾಗೆ ಎರಡು ಬೆಂಚು ಅಡ್ಡ ಇಟ್ಟಿದ್ದೇವೆ. ಒಣಗಲು ನಾಳೆ ಬೆಳಿಗ್ಗೆಯ ತನಕ ಬೇಕು. ಅಭ್ಯಾಸ ಆರು ಗಂಟೆಗೆ.