ಬದುವಿನ ಕಲ್ಲುಗುಪ್ಪೆಯಲ್ಲಿ ಕುರುವಿಂದ

ಭರಣಿ ಮಳೆ ಎರಡು ಸಲ ಹೊಯ್ಯಲಿ, ಆಮೇಲೆ ಹೊರಡೋಣ ಎಂದಿದ್ದರು ಸೋದರಮಾವ. ಕಲ್ಲು ಹುಡುಕುವುದಕ್ಕೆ ಮಳೆ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅರ್ಧ ಗಂಟೆ ಪಾಠವಾಗುತ್ತದೆ. ಭೂವಿಜ್ಞಾನ ಓದಿ, ಬೇರೇನೋ ಕೆಲಸ ಮಾಡಿ ನಿವೃತ್ತರಾದವರು ಅವರು. ಓದಿದ್ದೆಲ್ಲ ಒಳಗೇ ಉಳಿದುಬಿಟ್ಟಿದೆ.

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹಂಪಾಪುರ ದಾಟಿ, ಹ್ಯಾಂಡ್‌ಪೋಸ್ಟ್‌ನಲ್ಲಿ ಇಡ್ಲಿ ತಿಂದು ಸರಗೂರಿನ ಕಡೆಗೆ ತಿರುಗಿದೆವು. ಭೂವಿಜ್ಞಾನಿಗಳಿಗೆ ಸರಗೂರು ಎಂದರೆ ಊರಿಗಿಂತ ಹೆಚ್ಚಾಗಿ ಒಂದು ಶಿಲಾಸಮೂಹದ ಹೆಸರು. ಇಲ್ಲಿನ ಕಲ್ಲುಗಳಿಗೆ 300 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ನಾವು ಹುಡುಕಿ ಹೊರಟದ್ದು ಅವುಗಳ ನಡುವೆ ಹುಟ್ಟಿದ ಕೆಂಪು ಕುರುವಿಂದವನ್ನು. ಇಂಗ್ಲಿಷಿನ ಕೊರಂಡಮ್ ಎಂಬ ಪದವೇ ನಮ್ಮ ಕಡೆಯ ಕುರುಂದ, ಕುರುವಿಂದಗಳಿಂದ ಹೋದದ್ದು. ಅದೇ ಖನಿಜ ತಿಳಿಯಾಗಿ ಕೆಂಪಾದರೆ ಮಾಣಿಕ್ಯ. ಇಲ್ಲಿ ಸಿಗುವುದು ಬಹುಪಾಲು ಮಬ್ಬು. ಗುಮ್ಮಟದ ಹಾಗೆ ಉಜ್ಜಿ ಹೊಳಪು ಕೊಟ್ಟಾಗ ಕೆಲವದರಲ್ಲಿ ಆರು ಕಿರಣದ ನಕ್ಷತ್ರ ಮೂಡುತ್ತದೆ.

ಪರಿಚಯದ ರೈತರೊಬ್ಬರ ಹೊಲ. ಹತ್ತಿ ಬಿತ್ತನೆಗೆಂದು ಉತ್ತು ಬಿಟ್ಟಿದ್ದರು. ಅವರ ಒಪ್ಪಿಗೆ ಕೇಳಿಯೇ ಒಳಗೆ ಕಾಲಿಟ್ಟೆವು. ಹಾರೆ, ಗುದ್ದಲಿ ತಂದಿರಲಿಲ್ಲ. ಗುಂಡಿ ತೋಡಿದರೆ ಅದು ಗಣಿಗಾರಿಕೆಯ ಲೆಕ್ಕ, ಅದಕ್ಕೆ ಪರವಾನಗಿಯೇ ಬೇಕು. ಮೇಲೆ ಬಿದ್ದದ್ದನ್ನು ಆರಿಸುವುದಷ್ಟೇ ನಮ್ಮ ಕೆಲಸ. ಮಳೆಯ ಗುಟ್ಟು ಆಗ ತಿಳಿಯಿತು. ಧೂಳು ಮೆತ್ತಿದ ಹೊಲದಲ್ಲಿ ಎಲ್ಲ ಕಲ್ಲೂ ಮಣ್ಣಿನ ಬಣ್ಣದವೇ. ತೊಳೆದ ಹೊಲದಲ್ಲಿ ಬೆಣಚು ಬೆಳ್ಳಗೆ, ಕಾಗೆಬಂಗಾರ ಮಿಣಮಿಣ, ಗಾರ್ನೆಟ್ ಕೆಂಪಗೆ.

ಆ ಗಾರ್ನೆಟ್ಟೇ ನನ್ನನ್ನು ಏಮಾರಿಸಿತು. ಅರ್ಧ ಗಂಟೆಯಲ್ಲಿ ಜೇಬು ತುಂಬ ಕೆಂಪು ಹರಳು ಆಯ್ದು ಬೀಗುತ್ತ ಹೋದರೆ ಮಾವ ನೋಡಿ ನಕ್ಕರು. ‘ಮೈಯೆಲ್ಲ ವಜ್ರಾಕೃತಿಯ ಮುಖಗಳು, ಉಂಡೆಯಂತಿದೆ. ಇದು ಗಾರ್ನೆಟ್. ಆರು ಮೂಲೆಯ ಕಂಬವನ್ನು ಹುಡುಕು. ಹೊಳೆಯುವುದನ್ನು ಬಿಡು.’ ಇನ್ನೊಂದು ಸುಳಿವನ್ನೂ ಕೊಟ್ಟರು. ಕುರುವಿಂದವೆಂದರೆ ಅಲ್ಯೂಮಿನಿಯಂ ಆಕ್ಸೈಡ್. ಸಿಲಿಕಾಕ್ಕೆ ಬರಗಾಲವಿರುವ ಕಡೆ ಮಾತ್ರ ಅದು ಹುಟ್ಟುತ್ತದೆ. ಸಿಲಿಕಾ ಧಾರಾಳವಾಗಿದ್ದರೆ ಅಲ್ಯೂಮಿನಿಯಂ ಅದರೊಡನೆ ಸೇರಿ ಕಯನೈಟೋ ಸಿಲಿಮನೈಟೋ ಆಗುತ್ತದೆ. ಬೆಣಚೆಂದರೆ ಸಿಲಿಕಾವೇ, ಹಾಗಾಗಿ ಬೆಣಚಿಗೆ ಅಂಟಿಕೊಂಡ ಕೆಂಪು ಹರಳನ್ನು ಕಂಡರೆ ಆಸೆಪಡಬೇಡ ಎಂದರು.

ಕಯನೈಟ್ ಸಹ ಸಿಕ್ಕಿತು: ನೀಲಿ ಪಟ್ಟಿಗಳು, ಬೆರಳುದ್ದ. ಇದರದು ವಿಚಿತ್ರ ಸ್ವಭಾವ. ಚಾಕುವಿನಿಂದ ಉದ್ದಕ್ಕೆ ಗೀರಿದರೆ ಗೆರೆ ಬೀಳುತ್ತದೆ, ಅಡ್ಡಕ್ಕೆ ಗೀರಿದರೆ ಚಾಕು ಜಾರುತ್ತದೆ. ನಾಲ್ಕು ಸಲ ಗೀರಿ ನೋಡಿದೆ. ನಾಲ್ಕು ಸಲವೂ ಹಾಗೆಯೇ.

ಕುರುವಿಂದ ಸಿಕ್ಕಿದ್ದು ಉತ್ತ ನೆಲದಲ್ಲಲ್ಲ, ಬದುವಿನ ಮೇಲೆ. ನೇಗಿಲಿಗೆ ಅಡ್ಡ ಬಂದ ಕಲ್ಲನ್ನೆಲ್ಲ ತಲೆಮಾರುಗಳಿಂದ ಅಲ್ಲಿ ಗುಪ್ಪೆ ಹಾಕಿದ್ದಾರೆ. ನಮಗಿಂತ ಮೊದಲೇ ಹೊಲವಿಡೀ ಜಾಲಾಡಿದವರು ಅವರು. ಗುಪ್ಪೆಯ ಬುಡದಲ್ಲಿ, ಒಣಗಿದ ಎಲೆಯಡಿಕೆಯ ಉಗುಳಿನ ಬಣ್ಣದ ಹೆಬ್ಬೆರಳು ಗಾತ್ರದ ತುಂಡು. ನಾನಾಗಿದ್ದರೆ ದಾಟಿ ಹೋಗುತ್ತಿದ್ದೆ. ಮಾವ ಎತ್ತಿ ಉಗುರಿನಿಂದ ಮಣ್ಣು ಕೆರೆದರು. ಆರು ಮೂಲೆಗಳು, ನಡು ಉಬ್ಬಿದ ಪೀಪಾಯಿಯಂಥ ಆಕಾರ. ಚಪ್ಪಟೆ ತುದಿಯ ಮೇಲೆ ಭೂತಗನ್ನಡಿ ಹಿಡಿದರೆ, ಒಂದರೊಳಗೊಂದು ಕೂತ ಸಣ್ಣ ತ್ರಿಕೋನಗಳು. ಅದರ ಚೂಪು ಅಂಚಿನಿಂದ ಬೆಣಚುಕಲ್ಲನ್ನು ಗೀರಿದರು. ಬಿಳಿಯ ಗೆರೆ ಕಂಡಿತು. ಅದು ಉದುರಿದ ಪುಡಿಯೂ ಆಗಿರಬಹುದು ಎಂದು ಒದ್ದೆ ಬೆರಳಿನಿಂದ ಒರೆಸಿದರು. ಗೆರೆ ಹೋಗಲಿಲ್ಲ. ಬೆಣಚಿನ ಗಡಸುತನ 7, ಇದರದು 9. ಇದಕ್ಕೂ ಮೇಲೆ ವಜ್ರ.

ಸಂಜೆಯ ಹೊತ್ತಿಗೆ ಏಳು ತುಂಡು. ಮಜ್ಜಿಗೆ ಕುಡಿಸುತ್ತೇವೆಂದು ರೈತರು ಮನೆಗೆ ಕರೆದರು. ಜಗಲಿಯ ಮೇಲೆ ಮಾವ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದರು. ದೊಡ್ಡ ತುಂಡು 62 ಗ್ರಾಂ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಕಲ್ಲಿಗೆ ದಾರ ಕಟ್ಟಿ ತಳ ತಾಗದಂತೆ ಇಳಿಬಿಟ್ಟರೆ 16 ಗ್ರಾಂ ತೋರಿಸಿತು. ಅದು ಕಲ್ಲು ಸರಿಸಿದ ನೀರಿನ ತೂಕ. 62ನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 3.9, ಕುರುವಿಂದದ ಸಾಂದ್ರತೆ 4ರ ಆಸುಪಾಸು, ಬೆಣಚಿನದು 2.65. ಆದರೆ ಗಾರ್ನೆಟ್ಟೂ 4ರ ಬಳಿಯೇ ತೂಗುತ್ತದೆ, ಆ ಕಳ್ಳನನ್ನು ತಕ್ಕಡಿ ಹಿಡಿಯಲಾರದು.

ಅದಕ್ಕೆ ಕತ್ತಲಾಗಬೇಕಿತ್ತು. ಮಾವ ನೇರಳಾತೀತ ಟಾರ್ಚ್ ಬಿಟ್ಟರು. ನನ್ನ ಜೇಬಿನ ಗಾರ್ನೆಟ್‌ಗಳು ಕಪ್ಪಗೆ ಸತ್ತಂತೆ ಬಿದ್ದಿದ್ದವು. ಏಳು ತುಂಡುಗಳಲ್ಲಿ ನಾಲ್ಕು, ಬೂದಿ ಊದಿದ ಕೆಂಡದ ಹಾಗೆ ಒಳಗಿನಿಂದಲೇ ಕೆಂಪಾದವು. ಅದು ಕ್ರೋಮಿಯಂನ ಆಟ. ಉಳಿದ ಮೂರೂ ಕುರುವಿಂದವೇ, ಕಬ್ಬಿಣದ ಅಂಶ ಹೆಚ್ಚಾಗಿ ಬೆಳಕನ್ನು ನುಂಗಿರಬೇಕು ಎಂದರು ಮಾವ. ಮನೆಯ ಮಕ್ಕಳು ಟಾರ್ಚ್ ಕಿತ್ತುಕೊಂಡು ಅಂಗಳದ ಕಲ್ಲಿಗೆಲ್ಲ ಬಿಡುತ್ತ ಓಡಿದರು.

ಬಚ್ಚಲಿನ ಮೂಲೆಯಿಂದ ಒಬ್ಬಳು ಕೂಗಿಕೊಂಡಳು. ಹೋಗಿ ನೋಡಿದರೆ, ಒಂದು ಬದಿ ಸವೆದ, ಮುಷ್ಟಿಗಿಂತ ದೊಡ್ಡ ಕಲ್ಲು ಧಗಧಗ ಉರಿಯುತ್ತಿತ್ತು. ಮಾವನ ಗಂಟಲು ಒಣಗಿದ್ದು ನನಗೆ ಕೇಳಿಸಿತು. ಕೊಡುತ್ತೀರಾ ಎಂದು ಕೇಳಿಯೇಬಿಟ್ಟರು.

‘ಅದನ್ನು ಕೊಡಲಾಗದು ಸ್ವಾಮಿ,’ ಎಂದರು ಮನೆಯ ಯಜಮಾನಿ. ‘ಕುಡುಗೋಲು ಮಸೆಯುವುದು ಯಾವುದರಲ್ಲಿ?’