ಜೀರ್ಜಿಂಬೆ ರೆಕ್ಕೆಯ ಗೌನು: ಬಲತೋಳು ಮುಗಿಯಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಲತೋಳಿನ ಕೊನೆಯ ರೆಕ್ಕೆ ಕೂತಿತು. ಎತ್ತಿ ಎರಡು ಸಲ ಕೊಡವಿದೆ. ಒಂದೂ ಉದುರಲಿಲ್ಲ! ಮೂರು ವಾರ ಇದೇ ತೋಳನ್ನು ಬಿಚ್ಚುವುದು, ಮತ್ತೆ ಹೊಲಿಯುವುದು ಮಾಡಿದ್ದೆ.

ಹೊಸಬರಿಗಾಗಿ ಎರಡು ಮಾತು. 1888ರ ಡಿಸೆಂಬರ್ 29ರಂದು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಇಂಗ್ಲಿಷ್ ನಟಿ ಎಲೆನ್ ಟೆರ್ರಿ ಷೇಕ್ಸ್‌ಪಿಯರನ ನಾಟಕದ ಲೇಡಿ ಮ್ಯಾಕ್‌ಬೆತ್ ಆಗಿ ತೊಟ್ಟ ಹಸಿರು ಗೌನನ್ನು ಅರ್ಧ ಅಳತೆಯಲ್ಲಿ ಮಾಡುತ್ತಿದ್ದೇನೆ. ವಿನ್ಯಾಸ ಆಲಿಸ್ ಕಾಮಿನ್ಸ್ ಕಾರ್ ಅವರದು, ಸಿದ್ಧಪಡಿಸಿದವರು ಅಡಾ ನೆಟಲ್‌ಶಿಪ್. ಹಸಿರು ರೇಷ್ಮೆ, ನೀಲಿ ಜರಿ ಕೂಡಿಸಿದ ನೂಲಿನ ಕ್ರೋಶಾ ಕೆಲಸ. ನೋಡಿದರೆ ಲೋಹದ ಬಳೆಗಳ ಕವಚ ಎನಿಸಬೇಕು, ಹಾವಿನ ಹುರುಪೆಯ ಹಾಗೆ ಮಿನುಗಲೂ ಬೇಕು. ಅದಕ್ಕೆಂದೇ ಮೂಲ ಗೌನಿನಲ್ಲಿ ಸುಮಾರು ಒಂದು ಸಾವಿರ ಜೀರ್ಜಿಂಬೆ ರೆಕ್ಕೆಚಿಪ್ಪುಗಳು. ಜಾಲಿ ಮರದಿಂದ ಹಿಡಿದು ಬೆಂಕಿಪೊಟ್ಟಣದಲ್ಲಿ ಸಾಕಿದವರಿಗೆ ಆ ಹಸಿರನ್ನು ಬಣ್ಣಿಸಬೇಕಾಗಿಲ್ಲ.

ಕ್ರೋಶಾ ಭಾಗ ಸಲೀಸಾಗಿಯೇ ಆಯಿತು. ಕಾಟ ಕೊಟ್ಟದ್ದು ರೆಕ್ಕೆ. ಸೂಜಿ ತಾಗಿದೊಡನೆ ತುದಿಯಿಂದ ಬುಡದವರೆಗೆ ಸೀಳಿಬಿಡುತ್ತಿತ್ತು. ತೆಳು ಸೂಜಿ, ಕಾಯಿಸಿದ ಸೂಜಿ, ಕೈ ಡ್ರಿಲ್ಲು, ಎಲ್ಲವೂ ಆಯಿತು. ಅಂಗಡಿಯವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ: ಇನ್ನೂರು ರೆಕ್ಕೆಗೆ ಹಣ ಪಡೆದು, ಬರೀ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಅಂಚೆಗೆ ಹಾಕಿದ್ದರು. ಅರವತ್ತೆರಡು ದಾರಿಯಲ್ಲೇ ಒಡೆದಿದ್ದವು. ಕೇಳಿದರೆ, "ಹುಳುವಿನ ಮಾಲು, ಹಾಗೇ ಇರುತ್ತದೆ" ಎಂದರು. ಒಂದು ರಟ್ಟಿನ ಡಬ್ಬಿಗೆ ಎಷ್ಟಾಗುತ್ತದೆ?

ದಾರಿ ತೋರಿದ್ದು ಇಡ್ಲಿ ಪಾತ್ರೆ. ಈ ಕಸೂತಿ ಮಾಡುವವರು ರೆಕ್ಕೆಯನ್ನು ಹಬೆಯಲ್ಲಿ ಮೆದುಮಾಡುತ್ತಾರೆಂದು ಗೊತ್ತಿತ್ತು; ಎಷ್ಟು ಹೊತ್ತು ಎಂಬುದು ಕೈಗೆ ಹತ್ತಿರಲಿಲ್ಲ. ನನ್ನ ರೆಕ್ಕೆಗಳಿಗೆ ಎಂಟು ನಿಮಿಷ ಸರಿಹೋಯಿತು. ಬಟ್ಟೆ ಹಾಸಿದ ತಟ್ಟೆಯಲ್ಲಿ ಒಂದು ಸಲಕ್ಕೆ ಆರೇ ರೆಕ್ಕೆ, ಯಾಕೆಂದರೆ ಹೊರತೆಗೆದ ಒಂದು ನಿಮಿಷದಲ್ಲಿ ಮತ್ತೆ ಬಿರುಸಾಗುತ್ತವೆ. ಒಳಮೈಯಿಂದ ಹೊರಕ್ಕೆ ಚುಚ್ಚಬೇಕು. ಮೇಲಿನಿಂದ ಚುಚ್ಚಿದರೆ ಉಬ್ಬಿದ ಬೆನ್ನಿನ ಮೇಲೆ ಸೂಜಿ ಜಾರುತ್ತದೆ.

ಒಡೆದವುಗಳನ್ನೂ ಎಸೆಯಲಿಲ್ಲ. ಮೂಲ ಗೌನನ್ನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ದುರಸ್ತಿ ಮಾಡಿದಾಗ, ಮುರಿದ ಸುಮಾರು ನೂರು ರೆಕ್ಕೆಗಳ ಹಿಂದೆ ತೆಳುವಾದ ಜಪಾನೀ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಕೂರಿಸಿದ್ದರು. ಅದನ್ನೇ ಅನುಸರಿಸಿದೆ, ಅರವತ್ತೆರಡರಲ್ಲಿ ನಲವತ್ತು ಉಳಿದವು. ಆ ದುರಸ್ತಿಗೆ ಸಾವಿರಕ್ಕೂ ಹೆಚ್ಚು ಗಂಟೆ ಹಿಡಿಯಿತಂತೆ. ಈಗ ಗೌನು ಕೆಂಟ್‌ನಲ್ಲಿ, ಟೆರ್ರಿ 1928ರಲ್ಲಿ ಕಣ್ಣುಮುಚ್ಚಿದ ಸ್ಮಾಲ್‌ಹೈತ್ ಮನೆಯಲ್ಲಿದೆ.

ತೋಳು ಮುಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ನೋಡಿ ಮನಸ್ಸು ಸಪ್ಪಗಾಯಿತು. ಬಣ್ಣವಿತ್ತು, ಜೀವವಿರಲಿಲ್ಲ. ಆಮೇಲೆ ನೆನಪಾಯಿತು: ಲೈಸಿಯಂ ನಡೆಸುತ್ತಿದ್ದ ನಟ ಹೆನ್ರಿ ಇರ್ವಿಂಗ್ ಅಲ್ಲಿ ಗ್ಯಾಸ್ ದೀಪಗಳನ್ನೇ ಉಳಿಸಿಕೊಂಡಿದ್ದವರು. ಲೈಟು ಆರಿಸಿ ಎಣ್ಣೆದೀಪ ಹಚ್ಚಿ, ತೋಳನ್ನು ನಿಧಾನವಾಗಿ ಮೇಲಕ್ಕೆತ್ತಿದೆ. ಬುಡದ ರೆಕ್ಕೆಯಿಂದ ಹೆಗಲವರೆಗೆ ಹಸಿರು ಒಂದರ ಹಿಂದೊಂದು ನೀಲಿಗೆ ತಿರುಗುತ್ತ ಹೋಯಿತು. ಒಂಬತ್ತರ ವಯಸ್ಸಿಗೆ, 1856ರಲ್ಲಿ, ರಂಗವೇರಿದ ಟೆರ್ರಿಗೆ ಈ ಗೌನು ತೊಟ್ಟಂದು ನಲವತ್ತೊಂದು. ತೋಳು ಎಷ್ಟು ಎತ್ತಬೇಕು, ಎಲ್ಲಿ ತಡೆಯಬೇಕು ಎಂದು ಅವರ ಮೈಗೇ ಗೊತ್ತಿದ್ದಿರಬೇಕು. ಜಾನ್ ಸಿಂಗರ್ ಸಾರ್ಜೆಂಟ್ 1889ರ ಚಿತ್ರದಲ್ಲಿ ಅವರ ಎರಡೂ ಕೈಗಳನ್ನು ಮೇಲೆತ್ತಿಸಿ ಕಿರೀಟ ಹಿಡಿಸಿದ್ದಾರೆ. ನಾಟಕದಲ್ಲಿ ಆ ದೃಶ್ಯವೇ ಇಲ್ಲ. ಆದರೂ ಈ ತೋಳುಗಳನ್ನು ಕಂಡ ಚಿತ್ರಕಾರ ಬೇರೇನು ತಾನೇ ಬರೆದಾನು!

ಇದರ ನಡುವೆಯೇ ಇನ್ನೊಂದು ಉಡುಪು ತಲೆಹೊಕ್ಕಿದೆ. 1864ರಲ್ಲಿ, ಹದಿನಾರರ ಟೆರ್ರಿ ನಲವತ್ತಾರರ ಚಿತ್ರಕಾರ ವಾಟ್ಸ್ ಅವರನ್ನು ಮದುವೆಯಾದಾಗ ತೊಟ್ಟ ಕಂದು ರೇಷ್ಮೆಯ ಗೌನು. ಇನ್ನೊಬ್ಬ ಚಿತ್ರಕಾರ ಹೋಲ್ಮನ್ ಹಂಟ್ ಅವರ ವಿನ್ಯಾಸ. ಆ ಮದುವೆ ವರ್ಷ ತುಂಬುವ ಮೊದಲೇ ಮುರಿಯಿತು. ರೇಷ್ಮೆಯ ತುಂಡುಗಳನ್ನು ಈಗಲೇ ಎತ್ತಿಡುತ್ತಿದ್ದೇನೆ.

ಅದಕ್ಕೆ ಮೊದಲು ಎಡತೋಳು. ತೊಂಬತ್ತು ರೆಕ್ಕೆ ಬೇಕು, ಈ ಸಲ ಬೇರೆ ಅಂಗಡಿ. ರಟ್ಟಿನ ಡಬ್ಬಿ, ಹತ್ತಿ ಎರಡನ್ನೂ ನಾನೇ ಕಳಿಸಿದ್ದೇನೆ.